ವಯಸ್ಸಲ್ಲ, ಕಸುವು ನೋಡಿ

ಎಪ್ಪತ್ತೈದು ದಾಟಿದವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ತಿಳಿದರೆ ಬೆಂಗಳೂರಿನ ನಮ್ಮ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ‘ಈ ವಯಸ್ಸಿನಲ್ಲಿ ಹೊಟ್ಟೆ ಕೊಯ್ಯಿಸುವುದು ಬೇಡ’ ಎಂಬುದು ಒಂದು. ‘ಲ್ಯಾಪ್ರೊಸ್ಕೋಪಿಯಾದರೆ ಮಾಡಿಸೋಣ, ಎರಡೇ ದಿನದಲ್ಲಿ ಮನೆಗೆ ಬರಬಹುದು’ ಎಂಬುದು ಇನ್ನೊಂದು. ಲ್ಯಾಪ್ರೊಸ್ಕೋಪಿ ಎಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ, ಉಪಕರಣ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ. ಇಂಗ್ಲೆಂಡಿನಲ್ಲಿ ನೆಲೆಸಿ ಎರಡೂ ಕಡೆಯ ರೀತಿಯನ್ನು ಕಂಡಿರುವ ನಾನು ಇವೆರಡನ್ನೂ ಒಪ್ಪಲಾರೆ.

ಲ್ಯಾಪ್ರೊಸ್ಕೋಪಿಯ ಲಾಭ ನಿಜವಾದದ್ದು. ಹೊಟ್ಟೆಯ ನಡುವೆ ಉದ್ದಕ್ಕೆ ಕೊಯ್ದರೆ ಕೆಮ್ಮಲೂ ನೋವು, ಆಳವಾಗಿ ಉಸಿರೆಳೆಯಲೂ ನೋವು. ವಯಸ್ಸಾದವರು ಅಲುಗದೆ ಮಲಗಿಬಿಡುತ್ತಾರೆ. ಕಫ ಕಟ್ಟಿ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಸಣ್ಣ ರಂಧ್ರಗಳಾದರೆ ಬೇಗ ಎದ್ದು ಓಡಾಡಬಹುದು. ಇದರಲ್ಲಿ ಕ್ಯಾನ್ಸರ್ ಪೂರ್ತಿ ಹೋಗುವುದಿಲ್ಲವೇನೋ ಎಂಬ ಅಂಜಿಕೆಗೆ 2004ರಲ್ಲೇ ಉತ್ತರ ಸಿಕ್ಕಿತು. ಅಮೆರಿಕ ಮತ್ತು ಕೆನಡಾದ 872 ರೋಗಿಗಳ ಅಧ್ಯಯನದಲ್ಲಿ ಮೂರು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಲ್ಯಾಪ್ರೊಸ್ಕೋಪಿಯವರಲ್ಲಿ ಶೇ. 16, ಹೊಟ್ಟೆ ತೆರೆದವರಲ್ಲಿ ಶೇ. 18. ಹೆಚ್ಚುಕಡಿಮೆ ಸಮವೇ. ಆದರೆ ಆಸ್ಪತ್ರೆಯಲ್ಲಿ ಉಳಿದ ದಿನಗಳು ಐದು ಮತ್ತು ಆರು. ಉಳಿತಾಯ ಒಂದೇ ದಿನ. ಲ್ಯಾಪ್ರೊಸ್ಕೋಪಿ ಎಂದು ಆರಂಭಿಸಿದವರಲ್ಲಿ ಐವರಲ್ಲಿ ಒಬ್ಬರಿಗೆ ನಡುವೆ ಹೊಟ್ಟೆ ತೆರೆಯಬೇಕಾಯಿತು ಎಂಬುದನ್ನು ನಮ್ಮವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ರಂಧ್ರದ ದಾರಿಗೂ ದೇಹ ಬೆಲೆ ತೆರುತ್ತದೆ. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ, ಎಷ್ಟೋ ಬಾರಿ ತಲೆ ತಗ್ಗಿಸಿ ಮಲಗಿಸುತ್ತಾರೆ. ಸಮಯವೂ ಹೆಚ್ಚು ಹಿಡಿಯುತ್ತದೆ. ಸೋತ ಹೃದಯಕ್ಕೆ ಅದು ಹೊರೆ. ಕರುಳು ಪೂರ್ತಿ ಕಟ್ಟಿಕೊಂಡು ಹೊಟ್ಟೆ ಉಬ್ಬಿ ಬಂದವರಿಗಂತೂ ಹಲವೊಮ್ಮೆ ತೆರೆದ ಶಸ್ತ್ರಚಿಕಿತ್ಸೆಯೇ ಕ್ಷೇಮ. ಮಲದಲ್ಲಿ ರಕ್ತ ಹೋಗುತ್ತಿದ್ದರೂ ಮೂಲವ್ಯಾಧಿಯೆಂದು ತಿಂಗಳುಗಟ್ಟಲೆ ಸುಮ್ಮನಿರುವ ನಮ್ಮ ಹಿರಿಯರು ಹೀಗೆಯೇ ತುರ್ತು ವಾರ್ಡಿಗೆ ಬರುವುದು. ನೆನೆದರೆ ಸಂಕಟವಾಗುತ್ತದೆ.

ಇಲ್ಲಿ ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ ಮಾಸ್ಕ್ ಹಾಕಿ ಸೈಕಲ್ ತುಳಿಸಿ ಹೃದಯ, ಶ್ವಾಸಕೋಶಗಳ ತಾಕತ್ತು ಅಳೆಯುತ್ತಾರೆ. ರಕ್ತ ಕಡಿಮೆಯಿದ್ದರೆ ಸರಿಪಡಿಸುತ್ತಾರೆ, ದಿನವೂ ನಡೆಯಲು ಹಚ್ಚುತ್ತಾರೆ. ಬೆಂಗಳೂರಿನ ಶಸ್ತ್ರವೈದ್ಯರ ಕೈಚಳಕ ಇವರಿಗೆ ಯಾವ ರೀತಿಯಲ್ಲೂ ಕಡಿಮೆಯಿಲ್ಲ. ಆದರೆ ಉಸಿರೆಳೆದರೆ ಮೂರು ಚೆಂಡು ಮೇಲೇರುವ ಆ ಪ್ಲಾಸ್ಟಿಕ್ ಸ್ಪೈರೋಮೀಟರ್, ಅಂದರೆ ಶ್ವಾಸಕೋಶಕ್ಕೆ ವ್ಯಾಯಾಮ ಕೊಡುವ ಸಾಧನ, ಜಯನಗರದ ನಮ್ಮ ದೊಡ್ಡಮ್ಮನ ಕೈಗೆ ಬಂದದ್ದು ಶಸ್ತ್ರಚಿಕಿತ್ಸೆಯ ಮರುದಿನ, ನೋವಿನಲ್ಲಿ ಒಂದು ಚೆಂಡೂ ಏಳದಿದ್ದಾಗ. ಎರಡು ವಾರ ಮೊದಲೇ ಕೊಟ್ಟಿದ್ದರೆ ಪಳಗುತ್ತಿದ್ದರು.

ಇನ್ನೊಂದು ಮಾತು. ಅಲ್ಲಿ ಬೆಂಗಳೂರಿನಲ್ಲಿ ಡಾಕ್ಟರು ಮಾತಾಡಿದ್ದು ಮಗನ ಹತ್ತಿರ. ಇಲ್ಲಿ ರೋಗಿಯ ಹತ್ತಿರ. ದೊಡ್ಡಮ್ಮ ದಿನವೂ ಪಾರ್ಕಿನಲ್ಲಿ ಮೂರು ಸುತ್ತು ಹಾಕುತ್ತಿದ್ದವರು, ಮನೆಯ ಲೆಕ್ಕವನ್ನೆಲ್ಲ ತಾವೇ ಬರೆಯುತ್ತಿದ್ದವರು. ಎರಡೂ ವಿಧಾನಗಳ ಸಾಧಕಬಾಧಕಗಳನ್ನು ಅವರ ಮುಂದೆಯೇ ಇಟ್ಟು, ‘ನಿಮಗೆ ಯಾವುದು ಬೇಕಮ್ಮಾ’ ಎಂದು ಕೇಳಬೇಕಿತ್ತು.