ಐದರೊಳಗಿನ ಮಕ್ಕಳಿಗೆ ಗೇಮ್ ‘ನಿಷೇಧ’ ಆಗಿಲ್ಲ

ಮಳೆ ಹಿಡಿದಾಗಿನಿಂದ ಶಿರಸಿಯ ನಮ್ಮ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಸುತ್ತುತ್ತಿದೆ. ‘ಐದು ವರ್ಷದೊಳಗಿನ ಮಕ್ಕಳಿಗೆ ವಿಡಿಯೊ ಗೇಮ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ ನಿಷೇಧಿಸಿದೆ. ಒಗಟಿನ ಆಟ ಆಡಿದರೂ ಅದು ಕಾಯಿಲೆ’ ಅಂತ. ಎರಡೂ ತಪ್ಪು.

ಸಂಸ್ಥೆ 2019ರಲ್ಲಿ ಕೊಟ್ಟಿದ್ದು ಸಲಹೆ. ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರದಿರಲಿ, ಕಡಿಮೆಯಾದಷ್ಟೂ ಒಳ್ಳೆಯದು. 3-4 ವರ್ಷದವರು ದಿನಕ್ಕೆ 180 ನಿಮಿಷ ಓಡಾಡಿಕೊಂಡಿರಬೇಕು, 10ರಿಂದ 13 ಗಂಟೆ ನಿದ್ದೆ ಮಾಡಬೇಕು ಅಂತಲೂ ಅಲ್ಲೇ ಇದೆ. ಈ ಸಾಲನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅಲ್ವಾ?

ಇನ್ನು ಕಾಯಿಲೆ. ಸಂಸ್ಥೆಯ ರೋಗಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಇರುವುದು ನಿಜ. ಆದರೆ ಆಟದ ಮೇಲೆ ಹಿಡಿತ ತಪ್ಪಿ, ಉಳಿದ ಬದುಕು ಹಾಳಾಗಿ, ಸಾಮಾನ್ಯವಾಗಿ 12 ತಿಂಗಳು ಹಾಗೇ ಮುಂದುವರಿದರೆ ಮಾತ್ರ ಆ ಹೆಸರು.

ನಾನೂ ನಾಲ್ಕು ವರ್ಷದ ಮಗಳೂ ಸಂಜೆ ಇಪ್ಪತ್ತು ನಿಮಿಷ ಮಾನ್ಯುಮೆಂಟ್ ವ್ಯಾಲಿ ಆಡುತ್ತೇವೆ. ಮೊಬೈಲಿನಲ್ಲಿ ಆಡುವ ಒಗಟಿನ ಆಟ, 2014ರದ್ದು. ಟೈಮರ್ ಇಲ್ಲ, ಅಂಕವೂ ಇಲ್ಲ. ಹಿಡಿಕೆ ತಿರುಗಿಸಿದರೆ ಮುರಿದಂತೆ ಕಾಣುವ ಸೇತುವೆ ಕೂಡಿಕೊಳ್ಳುತ್ತದೆ. ಮೊನ್ನೆ ನಾನು ಎರಡು ಸಲ ತಪ್ಪು ಕಡೆ ತಿರುಗಿಸಿದೆ. ಅವಳು ನನ್ನ ಬೆರಳು ಹಿಡಿದು, ‘ಆಯಿ, ಸುಮ್ನೆ ಇರು, ಮೊದ್ಲು ನೋಡು’ ಅಂದಳು. ಅದು ನನ್ನದೇ ಮಾತು.

ಮೊಬೈಲ್ ಅವಳ ಕೈಗೆ ಕೊಟ್ಟು ಅಡುಗೆಮನೆಗೆ ಹೋಗುವುದು ಬೇರೆ ವಿಷಯ. ಅದನ್ನೂ ಮಾಡಿದ್ದೇನೆ, ಸುಳ್ಳು ಯಾಕೆ.