‘ಪ್ರಾಯಶಃ’ ಎಂದು ಬರೆದ ಚೀಟಿ

ಯಾರಾದರೂ ಒಂದು ಕಲ್ಲನ್ನು ಹೆಕ್ಕಿ ತಂದು ಮೇಜಿನ ಮೇಲೆ ಇಟ್ಟರೆ ಇಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ, ಕಲ್ಲು ಹುಡುಕುವ ಹವ್ಯಾಸಿಗಳು ಮೊದಲು ಕೇಳುವುದು ‘ಎಲ್ಲಿ ಸಿಕ್ಕಿತು?’ ಎಂದು. ನಾನು ಹುಟ್ಟಿ ಬೆಳೆದ ಸುಳ್ಯ ತಾಲ್ಲೂಕಿನಲ್ಲಿ ಅದೇ ಕಲ್ಲನ್ನು ಜಗಲಿಯ ಮೇಲೆ ಇಟ್ಟಿದ್ದರೆ ಮೊದಲ ಪ್ರಶ್ನೆ ‘ಎಷ್ಟಕ್ಕೆ ಹೋಗುತ್ತದೆ?’ ಎಂದಾಗಿರುತ್ತಿತ್ತು. ಎರಡನೆಯ ಪ್ರಶ್ನೆ ‘ಯಾವ ರಾಶಿಯವರಿಗೆ ಆಗಿಬರುತ್ತದೆ?’ ಎಂದು. ಮಿಷಿಗನ್ ರಾಜ್ಯಕ್ಕೆ ಬಂದು ನೆಲೆಸಿ 14 ವರ್ಷಗಳಾದವು. ಇಲ್ಲಿಯ ಪ್ರಶ್ನೆಗೂ ಅಲ್ಲಿಯ ಪ್ರಶ್ನೆಗಳಿಗೂ ನಡುವಿನ ಅಂತರ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಸುಪೀರಿಯರ್ ಸರೋವರದೊಳಕ್ಕೆ ಬೆರಳಿನಂತೆ ಚಾಚಿಕೊಂಡಿರುವ ಕೀವಿನಾ ಪರ್ಯಾಯ ದ್ವೀಪಕ್ಕೆ ಬೇಸಿಗೆಯಲ್ಲಿ ಹೋದವರು ದಂಡೆಯುದ್ದಕ್ಕೂ ಬಗ್ಗಿ ನಡೆಯುವ ಜನರನ್ನು ನೋಡದೆ ಬರುವುದಿಲ್ಲ. ಸುಮಾರು 110 ಕೋಟಿ ವರ್ಷಗಳ ಹಿಂದೆ ಇಲ್ಲಿ ಭೂಮಿ ಬಿರಿದು ಲಾವಾ ಪದರಪದರವಾಗಿ ಹರಿಯಿತು. ಆ ಲಾವಾದಲ್ಲಿ ಉಳಿದ ಗಾಳಿಗುಳ್ಳೆಗಳೊಳಗೆ ಬಿಸಿನೀರು ಇಳಿದು ಒಂದೊಂದರಲ್ಲಿ ಒಂದೊಂದು ಖನಿಜವನ್ನು ತುಂಬಿಸಿತು. ಒಂದು ಗುಳ್ಳೆಯಲ್ಲಿ ಅಗೇಟ್, ಇನ್ನೊಂದರಲ್ಲಿ ಪ್ರೆನೈಟ್, ಮತ್ತೊಂದರಲ್ಲಿ ಶುದ್ಧ ತಾಮ್ರ. ಕೆಲವೇ ಕೆಲವು ಗುಳ್ಳೆಗಳಲ್ಲಿ ಕ್ಲೋರಾಸ್ಟ್ರೊಲೈಟ್ ಎಂಬ ಕಡುಹಸಿರು ಹರಳು. ಆಮೆಯ ಚಿಪ್ಪಿನಂತೆ ಗೆರೆಗೆರೆಯಾಗಿ ಮಿನುಗುವ ಇದನ್ನು ಮಿಷಿಗನ್ 1972ರಲ್ಲಿ ತನ್ನ ರಾಜ್ಯರತ್ನವೆಂದು ಘೋಷಿಸಿತು. ಜನ ಅದನ್ನು ಕರೆಯುವುದು ‘ಗ್ರೀನ್‌ಸ್ಟೋನ್’ ಎಂದು.

ನನಗೆ ಹೋದ ಬೇಸಿಗೆಯಲ್ಲಿ ಸಿಕ್ಕಿದ ಹಸಿರು ಕಲ್ಲು ಸುಲಿದ ಅಡಿಕೆಗಿಂತ ತುಸು ದೊಡ್ಡದಾಗಿತ್ತು. ನೀರಿನಲ್ಲಿ ಅದ್ದಿದರೆ ಎಳೆಯ ಎಲೆಯ ಬಣ್ಣ. ಇದು ಅದೇ ಎಂದು ನನ್ನ ಮನಸ್ಸು ಕೂಡಲೇ ನಿರ್ಧರಿಸಿತು. ತಿಂಗಳಿಗೊಮ್ಮೆ ಸೇರುವ ಕಲ್ಲು ಹವ್ಯಾಸಿಗಳ ಕೂಟಕ್ಕೆ ಅದನ್ನು ಒಯ್ದೆ. ಅಲ್ಲಿದ್ದವರಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ, ಒಬ್ಬರು ಲಾರಿ ಚಾಲಕ, ಇಬ್ಬರು ಹೈಸ್ಕೂಲು ಹುಡುಗರು. ಭೂವಿಜ್ಞಾನ ಓದಿದವರು ಒಬ್ಬರೂ ಇರಲಿಲ್ಲ. ‘ಎಲ್ಲಿ ಸಿಕ್ಕಿತು’ ಎಂಬುದಕ್ಕೆ ನಾನು ಕೊಟ್ಟ ಉತ್ತರವನ್ನು ಶಿಕ್ಷಕಿ ಬರೆದುಕೊಂಡರು. ಯಾವ ದಂಡೆ, ನೀರಿನ ಅಂಚಿನಲ್ಲೋ ಬಂಡೆಯ ಬುಡದಲ್ಲೋ, ಸುತ್ತ ಯಾವ ಕಲ್ಲುಗಳಿದ್ದವು ಎಂದೆಲ್ಲ ಕೇಳಿದರು. ಆಮೇಲೆಯೇ ಅವರು ಕಲ್ಲನ್ನು ಕೈಗೆತ್ತಿಕೊಂಡದ್ದು.

ಮುಂದಿನ ಒಂದು ಗಂಟೆ ನಡೆದದ್ದು ‘ಇದು ಯಾವುದು’ ಎಂಬುದರ ಹುಡುಕಾಟವಲ್ಲ, ‘ಇದು ಯಾವುದಲ್ಲ’ ಎಂಬುದರ ಹುಡುಕಾಟ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ದುಂಡು ಗುಳ್ಳೆಗಳು ಕಾಣಲಿಲ್ಲ, ಆದ್ದರಿಂದ ಹಳೆಯ ಕುಲುಮೆಯಿಂದ ಬಂದ ಕಿಟ್ಟದ ಗಾಜಲ್ಲ. ಈ ರಾಜ್ಯದ ಸರೋವರಗಳ ದಂಡೆಯಲ್ಲಿ ಅಂತಹ ನೀಲಿ, ಹಸಿರು ಕಿಟ್ಟವನ್ನು ರತ್ನವೆಂದು ನಂಬಿ ಮನೆಗೆ ಒಯ್ದವರು ಬಹಳ. ಚಾಕುವಿನ ಮೊನೆ ಗೀರು ಹಾಕಲಿಲ್ಲ, ಆದ್ದರಿಂದ ತಾಮ್ರದ ಹಸಿರಾದ ಮ್ಯಾಲಕೈಟ್ ಅಲ್ಲ, ಮೆತ್ತನೆಯ ಕ್ಲೋರೈಟ್ ಕೂಡ ಅಲ್ಲ. ವಿನೆಗರ್ ಹನಿಗೆ ನೊರೆ ಬರಲಿಲ್ಲ, ಆದ್ದರಿಂದ ಸುಣ್ಣದ ಕಲ್ಲಲ್ಲ. ಆಮೇಲೆ ತೂಕ. ಕಲ್ಲು 42 ಗ್ರಾಂ ತೂಗಿತು. ಅಡುಗೆಮನೆಯ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು, ಕಲ್ಲನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದಂತೆ ಇಳಿಬಿಟ್ಟಾಗ ತಕ್ಕಡಿ 13 ಗ್ರಾಂ ಹೆಚ್ಚು ತೋರಿಸಿತು, ಅದು ಕಲ್ಲಿನಷ್ಟೇ ಗಾತ್ರದ ನೀರಿನ ತೂಕ. 42ನ್ನು 13ರಿಂದ ಭಾಗಿಸಿದರೆ 3.2, ಅಂದರೆ ಕಲ್ಲು ನೀರಿಗಿಂತ ಅಷ್ಟು ಪಟ್ಟು ಭಾರ. ಪ್ರೆನೈಟ್ ಇಷ್ಟು ಭಾರವಿರುವುದಿಲ್ಲ, ಅದು 3ರ ಒಳಗೇ ನಿಲ್ಲುತ್ತದೆ.

ಉಳಿದದ್ದು ಎರಡು. ನಾನು ಆಸೆಪಟ್ಟ ಕ್ಲೋರಾಸ್ಟ್ರೊಲೈಟ್ ಮತ್ತು ಈ ಬಂಡೆಗಳಲ್ಲಿ ಹೇರಳವಾಗಿ ಸಿಗುವ ಎಪಿಡೋಟ್ ಎಂಬ ಹಸಿರು ಖನಿಜ. ತೂಕ ಎರಡಕ್ಕೂ ಹೊಂದುತ್ತಿತ್ತು, ಏಕೆಂದರೆ ಎಪಿಡೋಟ್ ಇದಕ್ಕಿಂತ ಭಾರವಾದರೂ ಬೆಣಚು ಕಲ್ಲಿನೊಂದಿಗೆ ಬೆರೆತರೆ ಇಷ್ಟಕ್ಕೆ ಇಳಿಯುತ್ತದೆ. ಲಾರಿ ಚಾಲಕ ತಮ್ಮ ಡಬ್ಬಿಯಿಂದ ನಿಜವಾದ ಗ್ರೀನ್‌ಸ್ಟೋನ್ ಒಂದನ್ನು ತೆಗೆದು ಪಕ್ಕದಲ್ಲಿಟ್ಟರು. ಬಟಾಣಿ ಕಾಳಿನಷ್ಟಿದ್ದ ಅದರೊಳಗೆ ನಾರುಗಳು ನಕ್ಷತ್ರದಂತೆ ಹರಡಿಕೊಂಡಿದ್ದವು, ಬೆಳಕಿಗೆ ತಿರುಗಿಸಿದರೆ ರೇಷ್ಮೆಯ ಹಾಗೆ ಹೊಳಪು ಜಾರುತ್ತಿತ್ತು. ನನ್ನದರಲ್ಲಿ ಆ ನಾರುಗಳಿಲ್ಲ. ಪಿಸ್ತಾ ಬಣ್ಣದ ಕಣಗಳು, ನಡುನಡುವೆ ಬಿಳಿ. ಹುಡುಗರಲ್ಲಿ ಒಬ್ಬ ಮಾತ್ರ ಒಪ್ಪಲಿಲ್ಲ, ಒಂದು ಮೂಲೆಯಲ್ಲಿ ನಾರಿನಂತೆ ಏನೋ ಕಾಣುತ್ತಿದೆ ಎಂದ. ಅವನ ಮಾತನ್ನು ಯಾರೂ ತಳ್ಳಿಹಾಕಲಿಲ್ಲ. ಕೊನೆಗೆ ಶಿಕ್ಷಕಿ ಒಂದು ಪುಟ್ಟ ಚೀಟಿಯಲ್ಲಿ ದಂಡೆಯ ಹೆಸರು, ದಿನಾಂಕ, ತೂಕ, ಸಾಂದ್ರತೆಗಳನ್ನು ಬರೆದು, ಕೆಳಗೆ ‘ಪ್ರಾಯಶಃ ಎಪಿಡೋಟ್, ಬೆಣಚಿನೊಂದಿಗೆ’ ಎಂಬರ್ಥದ ಸಾಲನ್ನು ಸೇರಿಸಿ ಕೊಟ್ಟರು.

ಆ ಒಂದು ಪದದ ಮೇಲೆ ನನಗೆ ಅಪಾರ ಗೌರವ ಹುಟ್ಟಿತು. ಒಂದು ಗಂಟೆ ಐದು ಬಗೆಯ ಪರೀಕ್ಷೆ ಮಾಡಿದವರು ‘ಪ್ರಾಯಶಃ’ ಎನ್ನುತ್ತಾರೆ. ನಮ್ಮ ಕಡೆ ಅಂಗೈಯಲ್ಲಿಟ್ಟು ಅರೆಗಳಿಗೆ ನೋಡಿದವರು ‘ಇದು ಮಾಣಿಕ್ಯ’ ಎಂದೋ ‘ಇದು ಬರೀ ಕಲ್ಲು’ ಎಂದೋ ತೀರ್ಪು ಕೊಡುತ್ತಾರೆ.

ನನ್ನ ಅಜ್ಜನ ಅಡಿಕೆ ತೋಟದಲ್ಲಿ ಬಾವಿ ತೋಡುವಾಗ ಕೆಂಪು ಹರಳುಗಳು ಸಿಕ್ಕಿದ್ದವು. ನಮ್ಮ ತಾಲ್ಲೂಕಿನಲ್ಲಿ, ಸುಬ್ರಹ್ಮಣ್ಯದ ಕಡೆಯ ಕಾಡುಗಳಲ್ಲಿ ‘ಹರಳು ಕಲ್ಲು’ ಎಂಬ ಮಾತು ಎಲ್ಲರಿಗೂ ಗೊತ್ತು. ಅಜ್ಜ ಅವುಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟರು, ನೆರೆಮನೆಯವರಿಗೂ ಹೇಳಲಿಲ್ಲ. ಒಂದು ದಿನ ಮಧ್ಯವರ್ತಿಯೊಬ್ಬ ಬಂದು, ಬೆಳಕಿಗೆ ಹಿಡಿದು ನೋಡಿ, ‘ಇದರಲ್ಲಿ ಏನೂ ಇಲ್ಲ’ ಎಂದು ಹೇಳಿ, ಆದರೂ ದೊಡ್ಡವನ್ನೆಲ್ಲ ಚಿಕ್ಕ ಮೊತ್ತ ಕೊಟ್ಟು ಒಯ್ದ. ಏನೂ ಇಲ್ಲದ್ದನ್ನು ಅವನು ಏಕೆ ಒಯ್ದ ಎಂದು ಅಜ್ಜ ಸಾಯುವವರೆಗೂ ಯೋಚಿಸುತ್ತಿದ್ದರು. ಅದು ನಿಜವಾಗಿ ಏನಾಗಿತ್ತು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಕೆಂಪಾಗಿರುವುದೆಲ್ಲ ಮಾಣಿಕ್ಯವಲ್ಲ. ಬ್ರಿಟನ್ನಿನ ರಾಜಕಿರೀಟದಲ್ಲಿ ಶತಮಾನಗಳ ಕಾಲ ಮಾಣಿಕ್ಯವೆಂದೇ ಮೆರೆದ ದೊಡ್ಡ ಕೆಂಪು ಹರಳು ಸ್ಪಿನೆಲ್ ಎಂಬ ಬೇರೆಯೇ ಖನಿಜ. ರಾಜರೇ ಮೋಸಹೋದ ಕಡೆ ಅಡಿಕೆ ಕೃಷಿಕನೊಬ್ಬ ಕಣ್ಣಳತೆಯಿಂದ ತಿಳಿಯಬೇಕು ಎನ್ನುವುದು ನ್ಯಾಯವಲ್ಲ. ಅವರಿಗೆ ಬೇಕಾಗಿದ್ದುದು ಕಲ್ಲನ್ನು ಕೊಳ್ಳುವ ಉದ್ದೇಶವಿಲ್ಲದೆ ನೋಡಿಕೊಡುವ ಒಬ್ಬ ಮನುಷ್ಯ.

ಹೀಗೆಂದು ನಮ್ಮವರಿಗೆ ತಿಳಿವಳಿಕೆ ಇರಲಿಲ್ಲ ಎಂದು ನಾನು ಎಂದಿಗೂ ಹೇಳಲಾರೆ. ಇಲ್ಲಿಯವರು ಮೆರುಗು ಕೊಡದ ಪಿಂಗಾಣಿ ಬಿಲ್ಲೆಯ ಮೇಲೆ ಖನಿಜವನ್ನು ಉಜ್ಜಿ ಅದರ ಗೀರಿನ ಬಣ್ಣ ನೋಡುತ್ತಾರೆ. ನಮ್ಮ ಅಕ್ಕಸಾಲಿಗರ ಒರೆಗಲ್ಲು ಅದೇ ತತ್ವದ್ದು. ನಾವು ‘ಒರೆಗೆ ಹಚ್ಚುವುದು’ ಎಂಬುದನ್ನು ಮಾತಿನಲ್ಲಿಯೂ ಬಳಸುತ್ತೇವೆ, ಅಷ್ಟು ಹಳೆಯದು ನಮ್ಮ ಪರೀಕ್ಷೆಯ ಅಭ್ಯಾಸ. ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ಖನಿಜಗಳ ಗಡಸುತನಕ್ಕೆ 1ರಿಂದ 10ರ ಏಣಿ ಕಟ್ಟಿದ. ಅದರ ಮೊದಲ ಮೆಟ್ಟಿಲಿನ ಟಾಲ್ಕ್ ನಮ್ಮ ಬಳಪದ ಕಲ್ಲಿನ ಜೀವಾಳ, ಹೊಯ್ಸಳರ ಶಿಲ್ಪಿಗಳು ಉಗುರಿನಷ್ಟು ನವಿರಾದ ಕೆತ್ತನೆ ಮಾಡಿದ್ದು ಅಂತಹ ಮೆದುಕಲ್ಲಿನಲ್ಲಿ. ಏಳನೆಯ ಮೆಟ್ಟಿಲು ಬೆಣಚು. ಚಿಕ್ಕಂದಿನಲ್ಲಿ ಕತ್ತಲೆಯ ಕೋಣೆಯಲ್ಲಿ ಎರಡು ಬೆಣಚು ಕಲ್ಲುಗಳನ್ನು ಉಜ್ಜಿ ಒಳಗಿನಿಂದ ಬರುವ ಮಂದ ಬೆಳಕನ್ನು ನೋಡದ ಮಕ್ಕಳು ನಮ್ಮಲ್ಲಿ ಕಡಿಮೆ. ಒಂಬತ್ತನೆಯ ಮೆಟ್ಟಿಲು ಕುರಂದ, ಸಾಣೆ ಹಿಡಿಯುವ ಕಲ್ಲು. ಇಂಗ್ಲಿಷಿನ ‘ಕೊರಂಡಮ್’ ಎಂಬ ಹೆಸರೇ ದಕ್ಷಿಣ ಭಾರತದಿಂದ ಹೋದದ್ದು. ಮಾಣಿಕ್ಯವೂ ಕುರಂದವೇ, ಬಣ್ಣ ಮತ್ತು ಪಾರದರ್ಶಕತೆ ಮಾತ್ರ ಬೇರೆ. ಅಭ್ರಕಕ್ಕೆ ಕಾಗೆಬಂಗಾರ ಎಂದು ಹೆಸರಿಟ್ಟ ಜನ ಹೊಳೆಯುವುದೆಲ್ಲ ಬಂಗಾರವಲ್ಲ ಎಂಬುದನ್ನು ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ. ಒರೆಗಲ್ಲಿನ ವಿಷಯವನ್ನು ಕೂಟದಲ್ಲಿ ಹೇಳಿದಾಗ ಶಿಕ್ಷಕಿ ಅದನ್ನು ಕಣ್ಣಾರೆ ನೋಡಬೇಕೆಂದರು. ಮುಂದಿನ ಸಲ ಒಂದನ್ನು ತಂದುಕೊಟ್ಟೆ.

ಹಾಗಿದ್ದರೆ ಅಂತರ ಎಲ್ಲಿದೆ? ತಿಳಿವಳಿಕೆಯಲ್ಲಿ ಅಲ್ಲ, ಅದನ್ನು ಹಂಚಿಕೊಳ್ಳುವ ಧೈರ್ಯದಲ್ಲಿ ಎಂದು ನನಗೆ ಅನಿಸುತ್ತದೆ. ಆ ಧೈರ್ಯಕ್ಕೆ ಕಾನೂನಿನ ಆಸರೆಯೂ ಬೇಕು. ಮಿಷಿಗನ್‌ನಲ್ಲಿ ರಾಜ್ಯದ ಒಡೆತನದ ಜಾಗದಿಂದ ಹವ್ಯಾಸಕ್ಕಾಗಿ ಒಬ್ಬರು ವರ್ಷಕ್ಕೆ 25 ಪೌಂಡ್, ಅಂದರೆ ಸುಮಾರು 11 ಕಿಲೋ ಕಲ್ಲು ಒಯ್ಯಬಹುದು. ರಾಷ್ಟ್ರೀಯ ಉದ್ಯಾನವಾದ ಐಲ್ ರಾಯಲ್ ದ್ವೀಪದಲ್ಲಿ ಒಂದು ಹರಳನ್ನೂ ಎತ್ತುವಂತಿಲ್ಲ. ನಿಯಮವನ್ನು ಕಾಯುವವರೂ ಇದ್ದಾರೆ. ಮಿಷಿಗನ್ ಸರೋವರದಿಂದ ತೆಗೆದ 93 ಪೌಂಡ್ ತೂಕದ ಪೆಟೋಸ್ಕಿ ಕಲ್ಲೊಂದನ್ನು 2015ರಲ್ಲಿ ರಾಜ್ಯ ವಶಪಡಿಸಿಕೊಂಡಿತು. ಆ ಕಲ್ಲು ಪ್ರಾಚೀನ ಹವಳದ ಪಳೆಯುಳಿಕೆ, ಒದ್ದೆಯಾದರೆ ಜೇನುಹುಟ್ಟಿನಂತೆ ಆರು ಮೂಲೆಗಳ ಚಿತ್ತಾರ ತೋರುತ್ತದೆ. ಎಷ್ಟು ಒಯ್ಯಬಹುದು, ಎಲ್ಲಿ ಕೂಡದು ಎಂಬುದು ಸ್ಪಷ್ಟವಾಗಿರುವುದರಿಂದ ಕಲ್ಲು ಸಿಕ್ಕಿದವನಿಗೆ ಅದನ್ನು ಬಚ್ಚಿಡುವ ಕಾರಣವಿಲ್ಲ. ನನ್ನ ಅಜ್ಜ ಬಚ್ಚಿಟ್ಟದ್ದು ದುರಾಸೆಯಿಂದಲ್ಲ. ಸುದ್ದಿ ಹಬ್ಬಿದರೆ ರಾತ್ರೋರಾತ್ರಿ ಅಗೆಯುವವರು ಬರುತ್ತಾರೆ ಎಂಬ ಭಯ ಅವರಿಗಿತ್ತು. ನಮ್ಮ ಕಾಡಿನ ಅಂಚಿನಲ್ಲಿ ಹರಳು ಕಲ್ಲಿಗಾಗಿ ಕಳ್ಳತನದಿಂದ ತೋಡಿದ ಹೊಂಡಗಳನ್ನು ನೋಡಿದವರು ಆ ಭಯವನ್ನು ತಪ್ಪೆನ್ನಲಾರರು. ಇಲ್ಲಿಯೂ ಬೆಲೆ ಬಾಳುವ ಅಗೇಟ್ ಸಿಗುವ ದಂಡೆಯ ಹೆಸರನ್ನು ಕೆಲವರು ಬಾಯಿ ಬಿಡುವುದಿಲ್ಲ. ಹಣ ಬಂದ ಕಡೆ ಮೌನವೂ ಬರುತ್ತದೆ.

ಆದರೂ ಇಲ್ಲಿಯ ಒಂದು ಘಟನೆಯನ್ನು ನಮ್ಮ ಕಾಲೇಜುಗಳ ಭೂವಿಜ್ಞಾನ ವಿಭಾಗದವರು ಗಮನಿಸಬೇಕೆಂದು ನನ್ನ ಆಸೆ. 2017ರಲ್ಲಿ ಕಲ್ಲು ಹುಡುಕುವವರೊಬ್ಬರು ರಾತ್ರಿ ನೇರಳಾತೀತ ಟಾರ್ಚ್ ಹಿಡಿದು ಸುಪೀರಿಯರ್ ದಂಡೆಯಲ್ಲಿ ನಡೆದರು. ಹಗಲಿನಲ್ಲಿ ಯಾರೂ ತಿರುಗಿ ನೋಡದ ಬೂದು ಕಲ್ಲುಗಳು ಕೆಂಡದಂತೆ ಕಿತ್ತಳೆ ಬಣ್ಣದಲ್ಲಿ ಉರಿದವು. ಅವರು ಅದನ್ನು ಮಾರಾಟದ ಗುಟ್ಟಾಗಿ ಮಾತ್ರ ಇಟ್ಟುಕೊಳ್ಳದೆ ಮಿಷಿಗನ್ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಮಾದರಿ ಕಳುಹಿಸಿದರು. ಅಲ್ಲಿ ಪರೀಕ್ಷೆ ನಡೆದು, ಅದು ಸೋಡಲೈಟ್ ಎಂಬ ಖನಿಜ ಇರುವ ಸಯನೈಟ್ ಶಿಲೆ ಎಂದು 2018ರಲ್ಲಿ ತಿಳಿಯಿತು. ಇವತ್ತು ಜನ ಅದನ್ನು ‘ಯೂಪರ್‌ಲೈಟ್’ ಎಂದು ಕರೆಯುತ್ತಾರೆ. ಹವ್ಯಾಸಿಯ ಕಾಲು, ವಿಶ್ವವಿದ್ಯಾಲಯದ ಉಪಕರಣ, ಎರಡೂ ಒಂದೇ ಮೇಜಿಗೆ ಬಂದವು. ತಿಂಗಳಿಗೆ ಒಂದು ಭಾನುವಾರ, ಮಸೂರ, ತಕ್ಕಡಿ, ಒಬ್ಬ ಅಧ್ಯಾಪಕರು. ನಮ್ಮ ಜಿಲ್ಲೆಗಳಲ್ಲಿ ಇಷ್ಟಾದರೆ ಮಧ್ಯವರ್ತಿಯ ಮಾತೇ ಕೊನೆಯ ಮಾತಾಗಬೇಕಿಲ್ಲ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅಜ್ಜನ ಹರಳುಗಳಲ್ಲಿ ಏನಾದರೂ ಉಳಿದಿದೆಯೇ ಎಂದು ದೊಡ್ಡಮ್ಮನನ್ನು ಕೇಳಿದೆ. ಕುಂಕುಮದ ಹಳೆಯ ಭರಣಿಯಲ್ಲಿ ಹುಣಸೆ ಬೀಜದಷ್ಟು ದೊಡ್ಡದಾದ ಒಂದೇ ಒಂದು ಚೂರು ಇತ್ತು. ನನ್ನ ಬಳಿ ಒಂದು ಬಲವಾದ ನಿಯೋಡಿಮಿಯಮ್ ಆಯಸ್ಕಾಂತವೂ ನೇರಳಾತೀತ ಟಾರ್ಚೂ ಇದ್ದವು. ಕತ್ತಲೆ ಮಾಡಿ ಟಾರ್ಚ್ ಹಾಕಿದೆವು, ಚೂರು ಕೆಂಪಾಗಿ ಹೊಳೆಯಲಿಲ್ಲ. ಕಬ್ಬಿಣದ ಅಂಶ ಹೆಚ್ಚಿರುವ ಮಾಣಿಕ್ಯವೂ ಹೊಳೆಯುವುದಿಲ್ಲವಾದ್ದರಿಂದ ಅಷ್ಟಕ್ಕೇ ನಿಲ್ಲುವಂತಿರಲಿಲ್ಲ. ಥರ್ಮೋಕೋಲಿನ ತುಂಡಿನ ಮೇಲೆ ಅದನ್ನಿಟ್ಟು ನೀರಿನಲ್ಲಿ ತೇಲಿಬಿಟ್ಟು ಆಯಸ್ಕಾಂತವನ್ನು ಹತ್ತಿರ ತಂದೆ. ಮೆಲ್ಲಗೆ, ಆದರೆ ಅನುಮಾನಕ್ಕೆ ಎಡೆಯಿಲ್ಲದಂತೆ, ಅದು ಆಯಸ್ಕಾಂತದ ಕಡೆಗೆ ಸಾಗಿತು. ಗಾರ್ನೆಟ್ ಎಂಬ ಇನ್ನೊಂದು ಕೆಂಪು ಹರಳು ಹಾಗೆ ಸಾಗುತ್ತದೆ, ಮಾಣಿಕ್ಯ ಕದಲುವುದಿಲ್ಲ. ಮಧ್ಯವರ್ತಿ ಒಯ್ದ ದೊಡ್ಡ ಹರಳುಗಳು ಏನಾಗಿದ್ದವು ಎಂಬುದನ್ನು ಈ ಚೂರು ಹೇಳಲಾರದು.

ಆಗ ನಾನು ದೊಡ್ಡಮ್ಮನನ್ನು ಕೇಳಿದೆ, ‘ಇದು ಬಾವಿಯಲ್ಲಿ ಸರಿಯಾಗಿ ಎಲ್ಲಿ ಸಿಕ್ಕಿತು?’ ಅವರು ಒಂದು ಕ್ಷಣವೂ ತಡೆಯಲಿಲ್ಲ. ‘ಹನ್ನೊಂದು ಕೋಲು ಆಳದಲ್ಲಿ, ಮುರಕಲ್ಲು ಮುಗಿದು ಬಿಳಿ ಶೇಡಿಮಣ್ಣು ಶುರುವಾಗುವಲ್ಲಿ. ನಿನ್ನ ಅಕ್ಕ ಹುಟ್ಟಿದ ವರ್ಷದ ಬೇಸಿಗೆ. ಬುಟ್ಟಿಯಲ್ಲಿ ಮೇಲೆ ಬಂದ ಮಣ್ಣನ್ನು ಚೆಲ್ಲಿದವಳು ನಾನೇ.’ ಇಷ್ಟು ವರ್ಷ ಈ ಮಾತನ್ನು ಅವರಿಂದ ಯಾರೂ ಕೇಳಿರಲಿಲ್ಲ. ನಾನು ಒಂದು ಚೀಟಿ ಹರಿದು ಕನ್ನಡದಲ್ಲಿ ಬರೆದೆ: ತೋಟದ ಬಾವಿ, ಹನ್ನೊಂದು ಕೋಲು ಆಳ, ಮುರಕಲ್ಲಿನ ಕೆಳಗೆ, 1976ರ ಬೇಸಿಗೆ, ಪ್ರಾಯಶಃ ಗಾರ್ನೆಟ್. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿ, ನಾಲ್ಕಾಗಿ ಮಡಿಸಿ, ಹರಳಿನ ಜೊತೆಗೆ ಭರಣಿಯೊಳಗೆ ಇಟ್ಟರು.