ಅಮ್ಮನ ಎರಡು ಸಾವಿರದ ಮೆಸೇಜು ನನ್ನ ಫೋನಿಗೆ ಬರುತ್ತದೆ

ಮನೆಯ ಯಜಮಾನಿಗೆ ಅಂತ ರಾಜ್ಯ ಸರ್ಕಾರ ಕೊಡುವ ಗೃಹಲಕ್ಷ್ಮಿ ದುಡ್ಡು ಅಮ್ಮನ ಖಾತೆಗೆ ಬಿದ್ದಾಗ ಮೆಸೇಜು ಬರುವುದು ನನ್ನ ಫೋನಿಗೆ. ಅಮ್ಮನದು ಬಟನ್ ಫೋನು, ನಂಬರ್ ಮೂರು ಸಲ ಬದಲಾಗಿದೆ. ಹಾಗಾಗಿ ಬ್ಯಾಂಕಿನಲ್ಲಿ ನನ್ನ ನಂಬರನ್ನೇ ಕೊಟ್ಟಿದ್ದೆವು. ನಾನಿರುವುದು ಬೆಂಗಳೂರಿನಲ್ಲಿ, ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯುವ ಕೆಲಸ. ಅಮ್ಮ ಇರುವುದು ತಿಪಟೂರು ತಾಲೂಕಿನ ನಮ್ಮೂರಿನಲ್ಲಿ. ಮೆಸೇಜು ಬಂದ ತಕ್ಷಣ ಫೋನ್ ಮಾಡಿ "ಅಮ್ಮಾ, ಬಂತು" ಅಂತೀನಿ. "ಹೂಂ, ಸರಿ ಕಣೆ" ಅಂತಾಳೆ. ಅಷ್ಟೇ ಮಾತು.

ಮೊನ್ನೆ ಕೆಲಸದ ಜಾಗದಲ್ಲಿ ಊಟಕ್ಕೆ ಕೂತಿದ್ದಾಗ ಒಬ್ಬರು, "ಹೆಂಗಸರಿಗೆ ಬಿಟ್ಟಿ ಕೊಟ್ಟು ಕೊಟ್ಟು ರಾಜ್ಯ ಹಾಳಾಯ್ತು" ಅಂದರು. ಕೆಟ್ಟವರಲ್ಲ. ನನಗೆ ಕೆಲಸ ಕಲಿಸಿದವರು. ಆಗ ನನಗೆ ಬಾಯಿ ಬರಲಿಲ್ಲ. ತಲೆ ಬಗ್ಗಿಸಿ ಉಂಡೆ. ರಾತ್ರಿ ರೂಮಿಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಅವತ್ತು ಹೇಳಬೇಕಾಗಿದ್ದನ್ನು ಇವತ್ತು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮದು ತೆಂಗಿನ ಸೀಮೆ. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿ ಆಗುವುದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಆ ಒಂದು ವರ್ಷ ದುಡ್ಡು ಅಟ್ಟದ ಮೇಲೆ ಮಲಗಿರುತ್ತದೆ. ಕೆಳಗೆ ನಾವು ಸಾಲದಲ್ಲಿ ಬದುಕುತ್ತೇವೆ. 2023ರಲ್ಲಿ ಕೊಬ್ಬರಿ ಬೆಲೆ ಬಿದ್ದೇ ಹೋಯಿತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸು. ಅಪ್ಪ ಇಳಿಸೋಣ, ಬೇಡ, ಇನ್ನೊಂದು ವಾರ ನೋಡೋಣ ಅಂತ ದಿನ ತಳ್ಳಿದರು. ಮುಂದಿನ ವರ್ಷ ಬೆಂಬಲ ಬೆಲೆಗೆ ಕೊಡಲು ಹೆಸರು ಬರೆಸುವುದಕ್ಕೆ ರಾತ್ರಿಯೇ ಕಂಬಳಿ ತಗೊಂಡು ಹೋಗಿ ಸಾಲಿನಲ್ಲಿ ಕೂತರು. ಐವತ್ತೈದು ವರ್ಷದ ಮನುಷ್ಯ, ಮಂಡಿ ನೋವು ಬೇರೆ. ಆ ಸಾಲಿನ ಫೋಟೋವನ್ನು ಪಕ್ಕದ ಮನೆಯ ಹುಡುಗ ಕಳಿಸಿದ್ದ. ಅಪ್ಪ ಗೋಡೆಗೆ ಒರಗಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಆ ಫೋಟೋವನ್ನು ನಾನು ಯಾರಿಗೂ ತೋರಿಸಿಲ್ಲ.

ಗೃಹಲಕ್ಷ್ಮಿ ಶುರುವಾಗಿದ್ದು ಅದೇ 2023ರ ಆಗಸ್ಟ್ ಕೊನೆಗೆ. ನಮ್ಮನೆಯಲ್ಲಿ ಬೇರೆ ಯಾವ ದುಡ್ಡೂ ಓಡಾಡದ ದಿನಗಳು ಅವು. ನನ್ನ ಸಂಬಳದಲ್ಲಿ ರೂಮು, ಊಟ ಕಳೆದು ಮೂರು ಸಾವಿರ ಕಳಿಸಿದರೆ ಹೆಚ್ಚು. ಎಣ್ಣೆ, ಬೇಳೆ, ತಮ್ಮನ ಐಟಿಐ ಬಸ್ ಪಾಸು, ಅಪ್ಪನ ಬಿಪಿ ಮಾತ್ರೆ ಎಲ್ಲವೂ ಆ ಎರಡು ಸಾವಿರದಲ್ಲೇ ನಡೆಯಿತು. ಅಪ್ಪ ಅದನ್ನು "ಬಿಟ್ಟಿ ದುಡ್ಡು" ಅನ್ನುತ್ತಿದ್ದರು. ಅಮ್ಮ ಒಂದು ದಿನವೂ ತಿರುಗಿ ಮಾತಾಡಲಿಲ್ಲ. ಮಾತ್ರೆ ಮುಗಿಯುವ ಎರಡು ದಿನ ಮುಂಚೆಯೇ ಹೊಸ ಪಟ್ಟಿ ತಂದು ದೇವರ ಗೂಡಿನ ಪಕ್ಕ ಇಡುತ್ತಿದ್ದಳು.

ಅಮ್ಮ ಮದುವೆಯಾಗಿ ಬಂದಾಗಿನಿಂದ ಕೊಬ್ಬರಿ ಸುಲಿದಿದ್ದಾಳೆ, ಸಗಣಿ ಬಾಚಿದ್ದಾಳೆ, ಹಾಲು ಕರೆದು ಡೈರಿಗೆ ಹಾಕಿದ್ದಾಳೆ. ಡೈರಿಯ ಪುಸ್ತಕ ಅಪ್ಪನ ಹೆಸರಿನಲ್ಲಿ, ತೋಟದ ಪಹಣಿ ಅಪ್ಪನ ಹೆಸರಿನಲ್ಲಿ. ಅವಳ ದುಡ್ಡು ಅಂದರೆ ಸಾಸಿವೆ ಡಬ್ಬಿಯಲ್ಲಿ ಸುತ್ತಿಟ್ಟ ಹತ್ತು, ಇಪ್ಪತ್ತರ ನೋಟು. ಅಪ್ಪನ ತಾಯಿ ಹೋದ ಮೇಲೆ ರೇಷನ್ ಕಾರ್ಡಿನಲ್ಲಿ ಅಮ್ಮನ ಹೆಸರು ಮೊದಲು ಬಂತು. ಆ ಕಾರ್ಡಿನಿಂದಲೇ ಸರ್ಕಾರದ ಲೆಕ್ಕದಲ್ಲಿ ಅವಳು ಮನೆಯ ಯಜಮಾನಿ. ಮೂವತ್ತು ವರ್ಷ ದುಡಿದವಳ ಕೈಗೆ ನೇರವಾಗಿ ದುಡ್ಡು ಸಿಕ್ಕಿದ್ದು ಅದೇ ಮೊದಲು. ಇದನ್ನು ಬಿಟ್ಟಿ ಅಂತ ಹೇಗೆ ಕರೆಯಲಿ?

ಆರನೇ ತಿಂಗಳೋ ಏನೋ, ಎರಡು ಕಂತು ಒಟ್ಟಿಗೆ ಬಂತು. ಆಗ ಅಮ್ಮ ಒಂದು ಕನ್ನಡಕ ಮಾಡಿಸಿಕೊಂಡಳು. ಕಂದು ಫ್ರೇಮು, ಒಂದು ಕಡ್ಡಿ ಸ್ವಲ್ಪ ಸಡಿಲ. ಅವಳಿಗೆ ಕಣ್ಣು ಮಂಜಾಗಿದೆ ಅಂತ ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಅಕ್ಕಿಯಲ್ಲಿ ಕಲ್ಲು ಸಿಕ್ಕಾಗಲೆಲ್ಲ ಅಪ್ಪ ಬೈಯುತ್ತಿದ್ದರು, ನಾನೂ ಮುಖ ಸಿಂಡರಿಸಿದ್ದೇನೆ. ನಾಲ್ಕು ವರ್ಷದಿಂದ ಮೊರದಲ್ಲಿ ಅಕ್ಕಿ ಹರಡಿ ಬರೀ ಬೆರಳಲ್ಲಿ ತಡಕಿ ಕಲ್ಲು ಆರಿಸುತ್ತಿದ್ದಳಂತೆ. "ಯಾಕಮ್ಮಾ ಹೇಳಲಿಲ್ಲ?" ಅಂದರೆ, "ಹೇಳಿದ್ರೆ ಯಾರಾದ್ರೂ ದುಡ್ಡು ಹೊಂದಿಸಬೇಕಿತ್ತಲ್ಲ, ಅದಕ್ಕೆ ಸುಮ್ನಿದ್ದೆ" ಅಂದಳು. ಬೆಂಗಳೂರಿನಲ್ಲಿ ಬಸ್ಸಿನೊಳಗೆ ನಿಂತು ಈ ಮಾತು ಕೇಳಿಸಿಕೊಂಡೆ. ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ.

ಬಸ್ಸಿನ ವಿಷಯಕ್ಕೇ ಬರುತ್ತೇನೆ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ರಂದು. ಅಮ್ಮನ ತವರು ಅರಸೀಕೆರೆ ಆಚೆ, ಎರಡು ಬಸ್ಸು ಹತ್ತಬೇಕು. ದೂರವೇನಿಲ್ಲ. ಆದರೂ ವರ್ಷಕ್ಕೆ ಎರಡು ಸಲ ಹೋದರೆ ಜಾಸ್ತಿ, ಅದೂ ಹಬ್ಬಕ್ಕೋ ಸಾವಿಗೋ. ಈಗ ನನ್ನ ಅಜ್ಜಿಗೆ, ಅಂದರೆ ಅಮ್ಮನ ತಾಯಿಗೆ, ಎಂಬತ್ತು ದಾಟಿದೆ. ಅಮ್ಮ ತಿಂಗಳಿಗೊಮ್ಮೆ ಹೋಗಿ ಅವರ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿ ಬರುತ್ತಾಳೆ. ಬೆಳಿಗ್ಗೆ ಹೋಗಿ ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್. ಅವಳು ಆಧಾರ್ ಕಾರ್ಡನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೈಚೀಲದ ಮೇಲೇ ಇಟ್ಟುಕೊಳ್ಳುತ್ತಾಳೆ, ಕಂಡಕ್ಟರನ್ನು ಕಾಯಿಸಬಾರದು ಅಂತ.

ಅಪ್ಪನ ದೂರಿನಲ್ಲೂ ಹುರುಳಿದೆ. ಬಸ್ಸಿನಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ. 2025ರ ಜನವರಿಯಲ್ಲಿ ಟಿಕೆಟ್ ದರ ಶೇ 15ರಷ್ಟು ಏರಿತು, ಅದನ್ನು ಕೊಡುವವರು ಗಂಡಸರು. ಬೆಳಿಗ್ಗೆ ಕಾಲೇಜು ಮಕ್ಕಳು ಫುಟ್‌ಬೋರ್ಡಿನಲ್ಲಿ ನೇತಾಡುವುದನ್ನು ನೋಡಿದರೆ ನನಗೂ ಎದೆ ಝಲ್ ಅನ್ನುತ್ತದೆ. ಗೃಹಲಕ್ಷ್ಮಿಯೂ ತಿಂಗಳು ತಿಂಗಳು ಸರಿಯಾಗಿ ಬರುವುದಿಲ್ಲ. ಎರಡು ತಿಂಗಳು ಮೆಸೇಜು ಬರದಿದ್ದರೆ ಅಮ್ಮ ನನಗೆ ಫೋನ್ ಮಾಡಿ ಬೇರೆ ಏನೇನೋ ಮಾತಾಡಿ ಕೊನೆಗೆ, "ಏನಾದ್ರೂ ಬಂತಾ?" ಅಂತ ಕೇಳುತ್ತಾಳೆ. ಕೊಡುತ್ತೇವೆ ಅಂದ ಮೇಲೆ ದಿನ ಹೇಳಿ ಕೊಡಬೇಕು. ಬಸ್ಸು ಜಾಸ್ತಿ ಬಿಡಬೇಕು. ಇದನ್ನೆಲ್ಲ ಗಟ್ಟಿಯಾಗಿ ಕೇಳೋಣ. ಆದರೆ ಬಸ್ಸು ಕಡಿಮೆ ಇದೆ ಅಂತ ಅಮ್ಮ ಮನೆಯಲ್ಲಿ ಕೂರಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ನಮ್ಮ ಮನೆಯ ರಾಜಕೀಯದ್ದು ಬೇರೆಯದೇ ಕಥೆ. ಅಪ್ಪ ಒಂದು ಪಕ್ಷ, ಚಿಕ್ಕಪ್ಪ ಇನ್ನೊಂದು ಪಕ್ಷ. ತೋಟ ಭಾಗವಾಗಿದೆ, ಬೋರ್‌ವೆಲ್ ಮಾತ್ರ ಒಂದೇ. ಲೋಕಸಭೆ ಚುನಾವಣೆಗೆ ಮುಂಚೆ ಮನೆಯ ವಾಟ್ಸಾಪ್ ಗುಂಪಿನಲ್ಲಿ ಇಬ್ಬರಿಗೂ ಜಗಳ ಹತ್ತಿಕೊಂಡಿತು. ದೆಹಲಿಯಲ್ಲಿ ಯಾರು ಕೂರಬೇಕು ಅನ್ನುವ ಜಗಳ. ಇಬ್ಬರ ಹೆಸರೂ ದೆಹಲಿಯಲ್ಲಿ ಯಾರಿಗೂ ಗೊತ್ತಿಲ್ಲ. ಚಿಕ್ಕಪ್ಪ ಗುಂಪು ಬಿಟ್ಟರು. ಆಮೇಲೆ ಬೋರಿಗೆ ಕರೆಂಟು ಬಂದಾಗ ಯಾರ ಪಾಳಿ ಅಂತ ಶುರುವಾಯಿತು. ಗೌರಿ ಹಬ್ಬಕ್ಕೂ ಬರಲಿಲ್ಲ. ಕೊನೆಗೆ ಅಮ್ಮ ಕಡುಬು ಮಾಡಿ ಡಬ್ಬಿಯಲ್ಲಿ ಹಾಕಿಕೊಂಡು ಅವರ ಮನೆಗೆ ಹೋದಳು. ಚಿಕ್ಕಮ್ಮ ಬಾಗಿಲಲ್ಲೇ ಅತ್ತುಬಿಟ್ಟರಂತೆ. ಇಬ್ಬರು ಅಣ್ಣತಮ್ಮಂದಿರು ಕೆಡಿಸಿದ್ದನ್ನು ಇಬ್ಬರು ಹೆಂಗಸರು ಕೂತು ರಿಪೇರಿ ಮಾಡಿದರು.

ಮೊದಲೆಲ್ಲ ಓಟಿನ ಹಿಂದಿನ ರಾತ್ರಿ ಅಪ್ಪ ಊಟಕ್ಕೆ ಕೂತಾಗ, "ನಾಳೆ ಎಲ್ಲಾ ಇದಕ್ಕೇ ಒತ್ತಿ" ಅನ್ನುತ್ತಿದ್ದರು. ಅಮ್ಮ ತಲೆ ಆಡಿಸುತ್ತಿದ್ದಳು. ನನ್ನ ಮೊದಲ ಓಟೂ ಹಾಗೇ ಹೋಯಿತು. 2024ರ ಏಪ್ರಿಲ್ 26ಕ್ಕೆ ನಮ್ಮ ತುಮಕೂರು ಕ್ಷೇತ್ರದ ಮತದಾನ. ನಾನು ರಾತ್ರಿ ಬಸ್ಸಿಗೆ ಊರಿಗೆ ಹೋಗಿದ್ದೆ. ಅಮ್ಮ ಕನ್ನಡಕ ಹಾಕಿಕೊಂಡು ಮತದಾರರ ಚೀಟಿಯನ್ನು ಎರಡು ಸಲ ಓದಿದಳು. ಓಟು ಹಾಕಿ ಬರುವಾಗ ದಾರಿಯಲ್ಲಿ ಚಿಕ್ಕಪ್ಪ ಸಿಕ್ಕರು. "ಅತ್ಗೆ, ನಮ್ಮಣ್ಣ ಹೇಳಿದ್ದಕ್ಕೇ ಒತ್ತಿದ್ರಾ?" ಅಂತ ಕೇಳಿದರು. ಅಮ್ಮ ನಿಂತು, "ಒತ್ತೋ ಜಾಗದಲ್ಲಿ ನಾನೊಬ್ಬಳೇ ಇದ್ದೆ ಕಣಪ್ಪ" ಅಂದಳು. ಅಪ್ಪ ನಮ್ಮ ಹಿಂದೆಯೇ ಬರುತ್ತಿದ್ದರು. ಕೇಳಿಸಿತು. ಮನೆಗೆ ಬಂದ ಮೇಲೂ ಏನೂ ಹೇಳಲಿಲ್ಲ. ಅಮ್ಮ ಯಾರಿಗೆ ಹಾಕಿದಳು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ, ನಾನು ಕೇಳುವುದೂ ಇಲ್ಲ. ಅಪ್ಪನ ಪಕ್ಷಕ್ಕೇ ಹಾಕಿರಬಹುದು. ಯೋಚನೆ ಮಾಡಿ ಹಾಕಿದ್ದಾಳೆ, ನನಗೆ ಅಷ್ಟು ಸಾಕು.

ಈಗ ಅವಳ ತಲೆಯಲ್ಲಿರುವುದು ನಲ್ಲಿ. ಮನೆ ಮನೆಗೆ ನೀರು ಅಂತ ಬೀದಿ ಅಗೆದು ಪೈಪು ಹಾಕಿದರು. ಬಾಗಿಲ ಪಕ್ಕ ನಲ್ಲಿ ನಿಂತಿದೆ, ನೀಲಿ ಪೈಪಿಗೆ ಬಿಸಿಲು ಬಡಿದು ಬಣ್ಣ ಹೋಗಿದೆ. ನೀರು ಬಂದಿದ್ದು ಮೊದಲ ಹದಿನೈದು ದಿನ. ಅಮ್ಮ ಮತ್ತೆ ಕೊಡ ತಗೊಂಡು ಹಳೇ ಸ್ಕೂಲಿನ ಹತ್ತಿರದ ಬೋರಿಗೇ ಹೋಗುತ್ತಾಳೆ. ನನ್ನ ಅಪ್ಪನ ತಾಯಿ ಅದನ್ನು "ನೀರ್ ಸಾಬರ ಬೋರು" ಅನ್ನುತ್ತಿದ್ದರು. ಚಿಕ್ಕವಳಿದ್ದಾಗ ನಮ್ಮೂರಿನ ಯಾರೋ ಸಾಬರು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್, ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿ. ಹಳ್ಳಿ ಹಳ್ಳಿಗೆ ಬೋರು ಕೊರೆಸಿದ್ದಕ್ಕೆ ಜನ ಇಟ್ಟ ಹೆಸರು ಅದು. ಊರಿನ ಅಧಿಕಾರ ಊರಿನ ಕೈಗೇ ಬರಬೇಕು ಅಂತ 1983ರ ಪಂಚಾಯ್ತಿ ಕಾಯ್ದೆ ತಂದವರೂ ಅವರೇ. ಆಗಲೇ ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸೀಟು ಇಟ್ಟಿದ್ದರು. ಇಡೀ ದೇಶದ ಪಂಚಾಯ್ತಿಗಳಿಗೆ ಅಂತ ಸಂವಿಧಾನದ 73ನೇ ತಿದ್ದುಪಡಿ ಬಂದಿದ್ದು ಆಮೇಲೆ, 1993ರಲ್ಲಿ. ನಜೀರ್ ಸಾಬರು ಹೋಗಿ ಇಷ್ಟು ವರ್ಷವಾದರೂ ಒಂದು ಮುದುಕಿಯ ಬಾಯಲ್ಲಿ ಬೋರಿನ ಹೆಸರಾಗಿ ಉಳಿದಿದ್ದರು. ರಾಜಕಾರಣಿ ಅಂದರೆ ನನ್ನ ಮನಸ್ಸಿಗೆ ಬರುವುದು ಅವರು.

ಹೋದ ವಾರ್ಡ್ ಸಭೆಗೆ ಅಮ್ಮ ಹೋಗಿದ್ದಳು. ಮೊದಲ ಸಲ. ಗಂಡಸರು ಕುರ್ಚಿಯಲ್ಲಿ, ಹೆಂಗಸರು ಜಗಲಿಯ ಕೆಳಗೆ. ಎದ್ದು ನಿಂತು, "ನಲ್ಲಿ ಇದೆ, ನೀರ್ ಯಾವಾಗ?" ಅಂತ ಕೇಳಿದ್ದಾಳೆ. ಕುರ್ಚಿಯಲ್ಲಿದ್ದ ಒಬ್ಬರು, "ಅದು ನಮ್ಮ ಕೈಲಿಲ್ಲಮ್ಮ, ಮೇಲಿಂದ ಆಗ್ಬೇಕು" ಅಂದರಂತೆ. ಮೇಲೆ ಅಂದರೆ ತಾಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ. ಅಲ್ಲಿ ಯಾರಿದ್ದಾರೆ? ಜನ ಆರಿಸಿದವರು ಯಾರೂ ಇಲ್ಲ.

ನನಗೆ ಸಿಟ್ಟು ಬರುವುದು ಇದಕ್ಕೇ. ರಾಜ್ಯದಲ್ಲಿ ಜಿಲ್ಲಾ, ತಾಲೂಕು ಪಂಚಾಯ್ತಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಆಗ ನನಗೆ ಹದಿನಾರು. 2021ರಲ್ಲಿ ಅವರ ಅವಧಿ ಮುಗಿಯಿತು. ಐದು ವರ್ಷಕ್ಕೊಮ್ಮೆ ಆಗಲೇಬೇಕು ಅಂತ ಸಂವಿಧಾನದಲ್ಲೇ ಬರೆದಿದೆ. ಕ್ಷೇತ್ರ ವಿಂಗಡಣೆ ಅಂತ, ಮೀಸಲಾತಿ ಪಟ್ಟಿ ಅಂತ ಮುಂದಕ್ಕೆ ಹೋಗುತ್ತಲೇ ಇದೆ. ಅಪ್ಪನ ಪಕ್ಷವೂ ಸರ್ಕಾರ ನಡೆಸಿತು, ಚಿಕ್ಕಪ್ಪನ ಪಕ್ಷವೂ ನಡೆಸಿತು, ಇಬ್ಬರೂ ಮಾಡಲಿಲ್ಲ. ನನಗೀಗ ಇಪ್ಪತ್ತೈದು. ಜಿಲ್ಲಾ ಪಂಚಾಯ್ತಿಗೆ ಓಟು ಹಾಕುವುದು ಹೇಗಿರುತ್ತದೆ ಅಂತಲೇ ನನಗೆ ಗೊತ್ತಿಲ್ಲ. ಇತ್ತ ಬೆಂಗಳೂರಿನಲ್ಲೂ ಪಾಲಿಕೆ ಚುನಾವಣೆ ಆಗಿದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ನಿಂದ ಕಾರ್ಪೊರೇಟರ್ ಇಲ್ಲ. ನಮ್ಮ ರೂಮಿನ ಮುಂದೆ ಚರಂಡಿ ಉಕ್ಕಿದರೆ ಯಾರ ಮನೆ ಬಾಗಿಲು ತಟ್ಟಬೇಕು?

ದೆಹಲಿಗೆ ಯಾರು ಅಂತ ಅಣ್ಣತಮ್ಮಂದಿರು ಮಾತು ಬಿಡುವಷ್ಟು ಜಗಳ ಆಡಿದರು. ಈ ಚುನಾವಣೆ ಯಾಕೆ ಆಗಲಿಲ್ಲ ಅಂತ ಆ ಗುಂಪಿನಲ್ಲಿ ಒಂದು ಮೆಸೇಜೂ ಬಂದಿರಲಿಲ್ಲ. ನಾನೂ ಹಾಕಿರಲಿಲ್ಲ, ಅದು ನನ್ನ ತಪ್ಪು. ಹೋದ ವಾರ ಹಾಕಿದೆ. ಅಪ್ಪ ನೋಡಿ ಸುಮ್ಮನಾದರು. ತಮ್ಮ ಒಂದು ಹೆಬ್ಬೆರಳು ಹಾಕಿದ. ಚಿಕ್ಕಪ್ಪನಿಗೆ ಬೇರೆಯಾಗಿ ಕಳಿಸಿದೆ. "ಹೌದು ಮಗಳೇ, ಇದು ಸರಿಯಾದ ಪ್ರಶ್ನೆ" ಅಂತ ಉತ್ತರ ಬಂತು.

2025ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ ಇಪ್ಪತ್ತು ಸಾವಿರ ದಾಟಿತು. ಅಷ್ಟು ಹೊತ್ತಿಗೆ ನಮ್ಮ ಅಟ್ಟದಲ್ಲಿ ಹೇಳಿಕೊಳ್ಳುವಷ್ಟು ಕಾಯಿ ಇರಲಿಲ್ಲ, ಮರದಲ್ಲೂ ಫಸಲು ಕಡಿಮೆ. ಸಿಕ್ಕಿದ್ದರಲ್ಲಿ ಅಪ್ಪ ಸಾಲ ಸ್ವಲ್ಪ ತೀರಿಸಿದ್ದಾರೆ. ಬಿಪಿ ಮಾತ್ರೆ ಈಗಲೂ ಅಮ್ಮನೇ ತರುತ್ತಾಳೆ. "ಬಿಟ್ಟಿ ದುಡ್ಡು" ಅನ್ನುವ ಮಾತನ್ನು ಅಪ್ಪನ ಬಾಯಲ್ಲಿ ಈಚೆಗೆ ನಾನು ಕೇಳಿಲ್ಲ.

ಈ ಭಾನುವಾರ ಊರಿಗೆ ಹೋಗುತ್ತಿದ್ದೇನೆ. ನಲ್ಲಿ ನೀರಿನ ಬಗ್ಗೆ ಅರ್ಜಿ ಬರೆಸಬೇಕಂತೆ, ಟೈಪ್ ಮಾಡಿಸಿ ತಾ ಅಂದಿದ್ದಾಳೆ ಅಮ್ಮ. ಸಹಿಗೆ ಅಂತ ಒಂದು ಹಾಳೆ ಇಟ್ಟುಕೊಂಡು ಆಗಲೇ ಬೀದಿಯ ಹತ್ತೊಂಬತ್ತು ಮನೆ ಸುತ್ತಿದ್ದಾಳೆ. ಚಿಕ್ಕಪ್ಪನ ಮನೆಯದು ಏಳನೇ ಸಹಿ. "ಮತ್ತೆ ನಮ್ಮನೇದು?" ಅಂತ ಕೇಳಿದೆ. ಮೊದಲನೇ ಸಾಲಿನಲ್ಲಿ ಅವಳದು, ಎರಡನೇ ಸಾಲಿನಲ್ಲಿ ಅಪ್ಪನದು ಅಂದಳು.